ಕೊನೆಯ ಹಾಡಿನ ಶ್ರುತಿ

ರಾತ್ರಿಯಿಡೀ ಆರ್ಭಟಿಸಿದ ಗಾಳಿ ಬೆಳಗಾಗುವ ಹೊತ್ತಿಗೆ ದಣಿದು ಕೂತಿತ್ತು. ಬೀದಿ ತುಂಬ ಮುರಿದ ರೆಂಬೆಗಳು. ಆಕಾಶ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ. ಕರೆಂಟು ಹೋಗಿತ್ತು. ಐಸ್ ಕಾರ್ಖಾನೆಯ ಮೇಲಿನ ಕೋಣೆಗೆ ಮೆಟ್ಟಿಲು ಹತ್ತುತ್ತಿದ್ದ ಹಾಡುಗಾರ್ತಿ ತಿರುವಿನಲ್ಲಿ ನಿಂತಳು. ದೇವರೇ, ಆ ಮಾತು ನನ್ನ ಬಾಯಿಂದಲೇ ಬರಬೇಕೆ ಎಂದು ಕೇಳಿಕೊಂಡಳು.

ಮಾತು ಇಷ್ಟೇ: ಸೋದರಮಾವನನ್ನು ಹೊಸ ಆಲ್ಬಮ್ಮಿನಿಂದ ಕೈಬಿಡಬೇಕು.

ಅವರದು ಯಾವ ಕಂಪನಿಯ ಹಂಗೂ ಇಲ್ಲದ ರಾಕ್ ಬ್ಯಾಂಡು. ಒಂದು ಹಾಡು ಗುಡುಗಿದರೆ ಇನ್ನೊಂದು ತೊಟ್ಟಿಲು ತೂಗುತ್ತದೆ. ಯಾವ ದಿಕ್ಕಿನ ಸಂಗೀತ ಬಂದರೂ ಬೇಡವೆನ್ನದ ಜನ. ಶ್ರುತಿಗೆ ಯಂತ್ರ ಮುಟ್ಟುವುದಿಲ್ಲ, ಕಿವಿಯೇ ಸಾಕು ಎಂಬ ಜಂಬ ಬೇರೆ. ಉಳಿದ ಹಾಡುಗಳೆಲ್ಲ ಮುಗಿದಿದ್ದವು. ಕೊನೆಯ ಹಾಡಿಗೆ ಮಾವನ ಅಕಾರ್ಡಿಯನ್ ಪೆಟ್ಟಿಗೆ ಬೇಕಿತ್ತು. ಅದು ಗಿಟಾರಿನ ಪಕ್ಕದಲ್ಲಿ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಕೇಳುತ್ತಿತ್ತು. ಪೆಟ್ಟಿಗೆಗೆ ವಯಸ್ಸಾಯಿತು, ಆರಂಭದ ಸಾಲನ್ನು ಗಿಟಾರಿನವನೇ ನುಡಿಸಲಿ ಎಂದು ನಿನ್ನೆ ಮಾವ ಇಲ್ಲದಾಗ ತೀರ್ಮಾನವಾಗಿತ್ತು. ಅವಳಿಗೆ ಸ್ವರ ಹಿಡಿಯಲು ಕಲಿಸಿದ್ದೇ ಆ ಪೆಟ್ಟಿಗೆ.

ಮಾವ ಅದನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದರು.

"ಯಾಕೆ ಮಗಳೇ, ಮುಖ ಹುಳ್ಳಗಿದೆ?"

"ಏನಿಲ್ಲ ಮಾವ. ಮೆಟ್ಟಿಲು."

"ದಿನಾ ಹತ್ತೋ ಮೆಟ್ಟಿಲೇ ಅಲ್ವಾ."

ಉತ್ತರ ತಪ್ಪಿಸಲು ಅವಳು ಕಣ್ಣು ಮುಚ್ಚಿ ಸ್ವರ ಎಳೆದಳು. ಗಿಟಾರಿನವನು ತಂತಿ ಮೀಟಿ ಹುಬ್ಬು ಗಂಟಿಕ್ಕಿದ.

"ಅಕ್ಕಾ, ಇವತ್ತು ನಿನ್ನ ಶ್ರುತಿನೂ ಮೇಲೆ ಹತ್ತಿ ಕೂತಿದೆಯಲ್ಲ."

"ನಿನ್ನ ತಂತಿ ಸಡಿಲ ಆಗಿರ್ಬೇಕು."

"ನಿನ್ನೆ ಹೆಂಗಿತ್ತೋ ಹಂಗೇ ಇದೆ."

ಅವಳು ಮತ್ತೆ ಎಳೆದಳು. ಮೂಲೆಯಲ್ಲಿ ಮಾವನ ಬೆರಳು ತನ್ನಷ್ಟಕ್ಕೆ ತಾನೇ ಎಂಬಂತೆ ಪೆಟ್ಟಿಗೆಯ ಒಂದು ಸ್ವರದ ಮನೆ ಒತ್ತಿತು. ದನಿಯೂ ಪೆಟ್ಟಿಗೆಯೂ ಹಾಲಿನಲ್ಲಿ ಸಕ್ಕರೆ ಕರಗಿದಂತೆ ಕೂಡಿಕೊಂಡವು. ಗಿಟಾರಿನವನೂ ಡ್ರಮ್ಮಿನವಳೂ ತಿರುಗಿ ನೋಡಿದರು. ಅಷ್ಟರಲ್ಲಿ ಕರೆಂಟು ಬಂತು, ಕೆಳಗೆ ಐಸ್ ಯಂತ್ರ ಗುಂಯ್ ಎಂದು ಎದ್ದಿತು. ತಿಂಗಳುಗಟ್ಟಲೆ ಕೇಳಿ ಕೇಳಿ ಯಾರ ಗಮನಕ್ಕೂ ಬಾರದೆ ಹೋಗಿದ್ದ ಸದ್ದು.

ಡ್ರಮ್ಮಿನವಳು ನೆಲಕ್ಕೆ ಅಂಗೈ ಒತ್ತಿದಳು. "ಲೋ, ಆ ದಪ್ಪ ತಂತಿ ಇನ್ನೊಂದ್ಸಲ ಮೀಟು."

ಮೀಟಿದ. ತಂತಿಯದೂ ಯಂತ್ರದ್ದೂ ಒಂದೇ ಸ್ವರ.

"ಇಷ್ಟು ದಿನ ನಾವು ಐಸ್ ಮಷೀನಿಗೆ ಶ್ರುತಿ ಮಾಡ್ಕೊಂಡು ಕೂತಿದ್ವಾ?" ಎಂದ ಗಿಟಾರಿನವನು, ಮೆಲ್ಲಗೆ.

"ಆಲ್ಬಮ್ ಮೇಲೆ ಅದರ ಹೆಸರೂ ಹಾಕ್ಬೇಕು. ಎಲ್ಲಾ ಹಾಡಿಗೂ ಬಂದು ನುಡಿಸಿದೆ, ಪಾಪ" ಎಂದಳು ಡ್ರಮ್ಮಿನವಳು.

ನಗು ಎದ್ದಿತು. ಹಾಡುಗಾರ್ತಿಗೆ ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಯಂತ್ರದ ಸದ್ದು ನಿಂತ ಗಳಿಗೆಯಲ್ಲಿ ಗಂಟಲು ತಾನು ಹುಟ್ಟಿದ ಮನೆಗೆ, ಮಾವನ ಪೆಟ್ಟಿಗೆಯ ಶ್ರುತಿಗೆ, ಮರಳಿತ್ತು, ಅಷ್ಟೇ. ಆ ಮೌನವನ್ನು ಕಳಿಸಿದ ದೇವರಿಗೆ ಮನಸ್ಸಿನಲ್ಲೇ ಕೈಮುಗಿದಳು.

"ಮಾವ, ಪೆಟ್ಟಿಗೆ ಸರಿಯಾಗೇ ಇತ್ತು. ಕೆಟ್ಟಿದ್ದು ನಾವು."

"ಹಂಗಂತೀಯಾ" ಎಂದು ಮಾವ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

ಗಿಟಾರಿನವನು ಕೆಳಗೆ ಹೋಗಿ ಬಂದ. "ಕಾರ್ಖಾನೆಯವನು ಒಂದು ಗಂಟೆ ಮಷೀನು ನಿಲ್ಲಿಸ್ತಾನಂತೆ. ಐಸ್ ಕರಗಿದ್ರೆ ನಿಮ್ಮ ತಲೆ ಮೇಲೇ ಸುರೀತೀನಿ ಅಂದ."

ಸದ್ದು ಅಡಗಿತು. ಗಿಟಾರಿನವನು ಮಾವನ ಸ್ವರ ಕೇಳಿಸಿಕೊಳ್ಳುತ್ತ ಒಂದೊಂದೇ ತಂತಿ ಬಿಗಿದ. ಆಮೇಲೆ, ಆರಂಭದ ಸಾಲಿಗೆಂದು ತನ್ನೆದುರು ನಿಲ್ಲಿಸಿಕೊಂಡಿದ್ದ ಮೈಕನ್ನು ಎತ್ತಿ, ಮಾವನ ಮುಂದಿಟ್ಟು, ಹಿಂದೆ ಸರಿದು ನಿಂತ.