ಮುರ್ನಿಯ ಎರಡನೇ ಕೂಟ

ರುಮಿಯಾತಿಗೆ ಮಂಡಿ ನೋವು. ಕುದುಸ್ ಊರಿನ ಓಣಿಗಳಲ್ಲಿ ಹದಿನಾರು ವರ್ಷ ಡಬ್ಬಿಗಳ ಚೀಲ ಹೊತ್ತು ತಿರುಗಿದರೆ ಯಾರ ಮಂಡಿ ತಾನೇ ಉಳಿಯುತ್ತದೆ? ಯಾರದಾದರೂ ಮನೆಯಲ್ಲಿ ಹೆಂಗಸರ ಕೂಟ ಸೇರಿಸಿ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ಮಾರುವುದು ಅವಳ ಕೆಲಸ. ಈಗ ಡಬ್ಬಿ ಮಾರುವವರ ಗುಂಪಿಗೆ ಅವಳೇ ಹಿರಿಯಳು. ಹೊಸಬರನ್ನು ಸೇರಿಸುತ್ತಾಳೆ, ಅವರು ಬಿಟ್ಟು ಹೋಗುತ್ತಾರೆ. ಈ ವರ್ಷ ಆಗಲೇ ನಾಲ್ವರು ಹೋದರು. ಐದನೆಯವಳು ಮುರ್ನಿ. "ಚೀಲ ತಗೊಂಡು ಹೋಗಿ ಅಕ್ಕಾ, ನನ್ನಿಂದ ಆಗಲ್ಲ" ಅಂತ ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದ್ದಳು.

ಹಾಗಾಗಿ ರುಮಿಯಾತಿ ಚೀಲ ವಾಪಸು ತರುವುದಕ್ಕೇ ಹೊರಟಳು. ಮನವೊಲಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಬಾಗಿಲಲ್ಲಿ ಮುರ್ನಿಯ ಅತ್ತೆ ಕಾಸಿನಿ, ಸೊಂಟದ ಮೇಲೆ ಎಂಟು ತಿಂಗಳ ಮೊಮ್ಮಗು.

"ಬನ್ನಿ, ಬನ್ನಿ. ನಿಮ್ಮ ಚೀಲ ಅಲ್ಲೇ ಇದೆ. ಒಂದು ಮುಚ್ಚಳನೂ ಕಳೆದಿಲ್ಲ, ಬೇಕಾದ್ರೆ ಎಣಿಸ್ಕೊಳ್ಳಿ. ನಾನು ಮೊದಲೇ ಬಡ್ಕೊಂಡೆ, ನನ್ನ ಸೊಸೆ ಬಾಯಿ ಸತ್ತವಳು, ಮಾರೋ ಕೆಲಸ ಇವಳಿಗೆ ಒಗ್ಗಲ್ಲ ಅಂತ. ಸೋಮವಾರದಿಂದ ವಾಪಸ್ ಕಾರ್ಖಾನೆಗೆ ಹೋಗ್ತಾಳೆ. ಮೇಸ್ತ್ರಿ ಕರೆದಿದ್ದಾನೆ."

ಕಾರ್ಖಾನೆ ಅಂದರೆ ಸಿಗರೇಟು ಸುತ್ತುವ ಕಾರ್ಖಾನೆ. ಮುಂಜಾನೆ ನಾಲ್ಕೂವರೆಗೆ ಮನೆ ಬಿಡಬೇಕು, ಮಗು ಇನ್ನೂ ನಿದ್ದೆಯಲ್ಲಿರುತ್ತದೆ. ಹೊಗೆಸೊಪ್ಪಿನ ಧೂಳಿಗೆ ಮುರ್ನಿಗೆ ಕೆಮ್ಮು ಹಿಡಿದಿತ್ತು. ಅದರಿಂದ ತಪ್ಪಿಸಿಕೊಳ್ಳಬೇಕೆಂದೇ ಅವಳು ಈ ಚೀಲ ಹಿಡಿದದ್ದು. ಈಗ ಮೂಲೆಯಲ್ಲಿ ಕೂತು ಮಗುವಿನ ಬಟ್ಟೆ ಮಡಚುತ್ತಿದ್ದಳು. ಮುಖ ಎತ್ತಲಿಲ್ಲ.

"ಕೂಟದಲ್ಲಿ ಏನಾಯ್ತು ಹೇಳೇ," ಅಂದಳು ರುಮಿಯಾತಿ.

"ಹದಿನೆಂಟು ಜನ ಬಂದಿದ್ರು ಅಕ್ಕಾ. ಚೆನ್ನಾಗಿದೆ, ಚೆನ್ನಾಗಿದೆ ಅಂದ್ರು. ಚಹಾ ಕುಡಿದ್ರು. ಹೋದ್ರು."

"ಯಾರ ಮನೇಲಿ ಮಾಡ್ದೆ?"

"ಹರ್ತಿನಿಯಮ್ಮನ ಮನೇಲಿ."

ರುಮಿಯಾತಿ ಕಣ್ಣು ಮುಚ್ಚಿಕೊಂಡಳು. ಹರ್ತಿನಿಯಮ್ಮ ಎಂದರೆ ಕೇರಿಯ ಮುಖಂಡರ ಹೆಂಡತಿ.

"ಅವರೇನು ತಗೊಂಡ್ರು?"

"ಉಪ್ಪಿನ ಡಬ್ಬಿ. ಸಣ್ಣದು."

"ಮಿಕ್ಕವರು?"

"ಇಬ್ಬರು ಉಪ್ಪಿನ ಡಬ್ಬಿ ತಗೊಂಡ್ರು. ಬೇರೆ ಯಾರೂ ಏನೂ ಕೇಳಲಿಲ್ಲ."

"ಯಾಕೆ ಕೇಳ್ತಾರೆ ಮಾರಾಯ್ತಿ? ಮುಖಂಡರ ಹೆಂಡತಿ ಸಣ್ಣ ಡಬ್ಬಿ ತಗೊಂಡು ಕೂತಿರುವಾಗ, ನನಗೆ ದೊಡ್ಡದು ಕೊಡು ಅಂತ ಯಾವಳಿಗೆ ಬಾಯಿ ಬರುತ್ತೆ? ಜಂಬ ಅಂದ್ಕೊಳ್ಳಲ್ವಾ? ಅವರೆದುರಿಗೆ ಡಬ್ಬಿ ಮುಟ್ಟಿ ನೋಡೋಕೂ ನಾಚಿಕೆ."

"ದೊಡ್ಡವರನ್ನ ಬಿಟ್ಟು ಬೇರೆ ಕಡೆ ಶುರು ಮಾಡಿದ್ರೆ ಅವರಿಗೆ ಅವಮಾನ ಅಂದ್ಕೊಂಡೆ."

"ಮೊದಲು ಅವರ ಮನೆಗೆ ಹೋಗಿ, ಹಿಂಗೊಂದು ಕೆಲಸ ಶುರು ಮಾಡ್ತಿದ್ದೀನಿ, ಹರಸಿ ಅಂತ ಹೇಳಿ ಬರೋದು. ಮರ್ಯಾದೆ ಅಲ್ಲಿಗೆ ಮುಗೀತು. ಕೂಟ ಮಾತ್ರ ನಿನ್ನ ಸರೀಕರ ಮನೇಲಿ ಮಾಡ್ಬೇಕು. ನಿನ್ನ ಕಾಲೆಳೆಯೋರು, ನಿನ್ನ ತಟ್ಟೆಯಿಂದ ಕಿತ್ತು ತಿನ್ನೋರು ಇರ್ತಾರಲ್ಲ, ಅಂಥವರ ಮನೇಲಿ."

ಕಾಸಿನಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. "ಅಲ್ಲಾ, ಇಷ್ಟೆಲ್ಲ ಗೊತ್ತಿದ್ದೂ ಮೊದಲೇ ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು?"

ಕೂಟಕ್ಕೆ ಮುಂಚೆ ಮುರ್ನಿ ಎರಡು ಸಲ ಫೋನ್ ಮಾಡಿದ್ದಳು. ಕಾಲಿಗೆ ಮುಲಾಮು ಹಚ್ಚಿಕೊಂಡು ಮಲಗಿದ್ದ ರುಮಿಯಾತಿ, "ಹೋಗಿ ಮಾಡು, ಮಾಡ್ತಾ ಮಾಡ್ತಾ ಕಲೀತೀಯ" ಎಂದು ಫೋನಿಟ್ಟಿದ್ದಳು. ಮುಂಚಿನ ನಾಲ್ವರಿಗೂ ಅದನ್ನೇ ಹೇಳಿದ್ದಳು. ಹೆಸರು ಬರೆಸಿಕೊಂಡು ಕೈಗೆ ಚೀಲ ಕೊಟ್ಟರೆ ತನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದಳು.

"ಸಾಕಾಗಿಹೋಗಿತ್ತು ಕಾಸಿನಿಯಮ್ಮ," ಅಂದಳು. "ತಪ್ಪು ಇವಳದ್ದಲ್ಲ, ನಂದು."

ಜಗಳಕ್ಕೆ ಸಜ್ಜಾಗಿದ್ದ ಕಾಸಿನಿ ಈ ಮಾತು ಕೇಳಿ ಒಳಗೆ ಹೋಗಿ ಚಹಾ ತಂದಿಟ್ಟಳು.

"ಸೋಮವಾರಕ್ಕೆ ಇನ್ನೂ ಮೂರು ದಿನ ಇದೆ," ಅಂದಳು ರುಮಿಯಾತಿ. "ಭಾನುವಾರ ಇನ್ನೊಂದೇ ಒಂದು ಕೂಟ. ನಾನೂ ಬರ್ತೀನಿ. ಆಮೇಲೂ ಚೀಲ ಕೊಡ್ತೀನಂದ್ರೆ ನಾನೇ ಹೊತ್ಕೊಂಡು ಹೋಗ್ತೀನಿ."

ಮುರ್ನಿ ಅತ್ತೆಯ ಮುಖ ನೋಡಿದಳು. "ಆಗಲಿ, ನಾನೂ ಬರ್ತೀನಿ, ತಮಾಷೆ ನೋಡೋಕೆ," ಅಂದಳು ಕಾಸಿನಿ.

ಭಾನುವಾರ ಸಂಜೆ ನಾಲ್ಕಕ್ಕೆ ತರ್ಮಿಯ ಮನೆಯಲ್ಲಿ ಚಾಪೆ ಹಾಸಿತ್ತು. ತರ್ಮಿ ಕಾರ್ಖಾನೆಯಲ್ಲಿ ಮುರ್ನಿಯ ಪಕ್ಕ ಕೂತು ಸಿಗರೇಟು ಸುತ್ತಿದವಳು. ಬಂದ ಹನ್ನೊಂದು ಜನರೂ ಅದೇ ಸಾಲಿನವರು.

ದಾರಿಯಲ್ಲಿ ರುಮಿಯಾತಿ ಎರಡೇ ಮಾತು ಹೇಳಿದ್ದಳು. "ಡಬ್ಬೀನ ಮೇಜಿನ ಮೇಲೆ ಜೋಡಿಸ್ಬೇಡ, ಅವರ ಕೈಗೆ ಕೊಡು. ಜನ ಏಳೋ ಮುಂಚೆ ಮುಂದಿನ ಕೂಟದ ದಿನ ಕೇಳು, ನಾಳೆ ಕೇಳ್ತೀನಿ ಅಂದ್ರೆ ಯಾರೂ ಸಿಗಲ್ಲ."

ಮುರ್ನಿ ಶುರು ಮಾಡಿದಳು. ಹೇಳಿದ ಬೆಲೆಯನ್ನೇ ಮತ್ತೆ ಹೇಳಿದಳು. ಮಾತನ್ನು ತಾನೇ ಮುಂದುವರಿಸಬೇಕೆಂದು ರುಮಿಯಾತಿಯ ನಾಲಿಗೆ ತುರಿಸಿತು. ತಾನಾಗಿದ್ದರೆ ಅರ್ಧ ಗಂಟೆಯಲ್ಲಿ ಚೀಲ ಖಾಲಿ ಮಾಡುತ್ತಿದ್ದಳು. ಆದರೆ ಆಗ ಗೆದ್ದವಳು ರುಮಿಯಾತಿ, ಮುರ್ನಿಯಲ್ಲ. ಕರಿದ ಬಾಳೆಹಣ್ಣನ್ನು ಬಾಯಿಗೆ ತುರುಕಿಕೊಂಡು ಹಿಂದೆ ಸುಮ್ಮನೆ ಕೂತಳು.

ಮುರ್ನಿ ಎಮ್ಮೆ ಮಾಂಸದ ಸಾರನ್ನು ಡಬ್ಬಿಗೆ ಸುರಿದು ಮುಚ್ಚಿ ತರ್ಮಿಯ ಕೈಗಿಟ್ಟಳು. "ಅಲ್ಲಾಡಿಸು."

ತರ್ಮಿ ಅಲ್ಲಾಡಿಸಿದಳು. ಸಾರು ಚೆಲ್ಲಿ ಅವಳ ಮಡಿಲೆಲ್ಲ ಹಳದಿ!

"ಅಯ್ಯೋ ನಿನ್ನ! ಮೊನ್ನೆ ತಾನೇ ಹೊಲಿಸಿದ ಲಂಗ ಕಣೇ! ಡಬ್ಬಿ ಮಾರೋಕೆ ಬಂದ್ಯೋ, ಸೋಪು ಮಾರೋಕೋ?"

ಮನೆಯೆಲ್ಲ ನಗು. ಮುರ್ನಿಯ ಮುಖ ಕೆಂಪಾಯಿತು. ರುಮಿಯಾತಿ ಅರ್ಧ ಎದ್ದಳು, ಮತ್ತೆ ಕೂತಳು. ಆಮೇಲೆ ಮುರ್ನಿಗೂ ನಗು ಬಂತು. ಕಾರ್ಖಾನೆಯ ಸಾಲಿನಲ್ಲಿ ಕೂತವರೊಡನೆ ನಗುವ ನಗು ಅದು.

"ಒಳಗಿನ ಗಾಳಿ ಹೊರಗೆ ಬಿಡದೆ ಮುಚ್ಚಿದೆ, ಅದಕ್ಕೇ. ಬಾ, ನೀನೇ ಮುಚ್ಚು. ಮುಚ್ಚಳದ ನಡುವೆ ಒತ್ತು. ಒಂದು ಅಂಚು ಎತ್ತು. ಈಗ ಬಿಡು. ಹಾಂ, ಈಗ ನಿನ್ನ ತಲೆ ಮೇಲೇ ಬೋರಲು ಹಾಕ್ತೀನಿ, ತಾಳು."

ತರ್ಮಿ ಕಿರುಚಿದಳು. ಒಂದು ಹನಿಯೂ ಬೀಳಲಿಲ್ಲ. "ಕೊಡೇ ಇಲ್ಲಿ, ನಾನು ನೋಡ್ತೀನಿ" ಎಂದು ಡಬ್ಬಿ ಕೈಯಿಂದ ಕೈಗೆ ಹೋಯಿತು. ಆರು ಜನ ಡಬ್ಬಿ ಬೇಕೆಂದರು. ಇಬ್ಬರು ತಮ್ಮ ಮನೆಯಲ್ಲೂ ಕೂಟ ಮಾಡು ಅಂದರು. ಒಬ್ಬಳು ಬುಧವಾರ ಕರೆದಳು, ಇನ್ನೊಬ್ಬಳು ಶನಿವಾರ.

ವಾಪಸು ಬರುವಾಗ ಕಾಸಿನಿ ಓಣಿಯ ತಿರುವಿನಲ್ಲಿ ನಿಂತಳು.

"ನಿಜ ಹೇಳಿ ರುಮಿಯಾತಿ. ಎಲ್ಲ ಕೂಟನೂ ಹೀಗೇ ಆಗುತ್ತಾ?"

"ಇಲ್ಲ ಕಾಸಿನಿಯಮ್ಮ. ಕೆಲವು ಸಲ ಚಹಾ ಮಾತ್ರ ಖರ್ಚಾಗುತ್ತೆ. ಆದ್ರೆ ಮುಂದಿನ ಎರಡಕ್ಕೂ ನಾನು ಬರ್ತೀನಿ. ಆಮೇಲೆ ಇವಳೇ ನನ್ನ ಬರಬೇಡಿ ಅಂತಾಳೆ."

ಕಾಸಿನಿ ಸೊಸೆಯ ಕೈಯಿಂದ ಚೀಲ ಇಸಿದುಕೊಂಡಳು. ಚೀಲ ವಾಪಸು ಕೊಡುತ್ತಾಳೇನೋ ಅಂತ ರುಮಿಯಾತಿ ಕೈ ಮುಂದೆ ಚಾಚಿದಳು. ಕಾಸಿನಿ ಅದನ್ನು ತನ್ನ ಹೆಗಲಿಗೇ ಹಾಕಿಕೊಂಡಳು.

"ಬುಧವಾರ ಮಗು ನನ್ನ ಹತ್ರ ಇರಲಿ," ಅಂದಳು. "ನಾಳೆ ಬರಲ್ಲ ಅಂತ ಮೇಸ್ತ್ರಿಗೆ ಹೇಳ್ಬಿಡು ಮುರ್ನಿ."

ರುಮಿಯಾತಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಮಂಡಿ ಸಿಡಿಯುತ್ತಿತ್ತು. ಬಿಟ್ಟು ಹೋದ ಆ ನಾಲ್ವರೂ ನೆನಪಾದರು. ಅವರ ಕೈಲಾಗಲಿಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಸಂಕಟವಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಡಬ್ಬಿ ಮಾರುವವರ ಗುಂಪು ನಡೆಸುವ ಅಕ್ಕಂದಿರೇ, ನೀವೂ ದಣಿದಿದ್ದೀರಿ, ಗೊತ್ತು. ಹೊಸಬಳ ಮೇಲೆ ಸರಕಿನ ರಾಶಿ ಹೊರಿಸಬೇಡಿ. ಮೊದಲ ಮನೆ ಯಾವುದೆಂದು ಅವಳ ಜೊತೆ ಕೂತು ಆರಿಸಿ. ಮೊದಲ ಮೂರು ಕೂಟಕ್ಕೆ ಜೊತೆಗೆ ಹೋಗಿ, ಹೋಗಿ ಬಾಯಿ ಮುಚ್ಚಿಕೊಂಡು ಕೂತಿರಿ. ನಿಮ್ಮ ಗುಂಪಿಗೆ ಕೊನೆಗೆ ಸೇರಿದವಳು ಯಾರು? ಅವಳ ಮೊದಲ ಕೂಟ ಯಾವತ್ತು, ಯಾರ ಮನೆಯಲ್ಲಿ, ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಓದುತ್ತಿರುವ ಈ ಹಾಳೆಯನ್ನು ಇಲ್ಲೇ ಬಿಟ್ಟು ಏಳಿ. ಅವಳ ಮನೆಗೆ ಹೋಗಿ ಕೇಳಿ. ಅವಳು ಚೀಲ ವಾಪಸು ಕೊಡುವುದಕ್ಕೆ ಮುಂಚೆ.