ರಸ್ತೆ ಪರದೆಯ ಮೊಳೆ

ಸಂಗೊಳ್ಳಿಯ ಉಳವಪ್ಪ ಪೇಂಟರ್ ಬರೆದ ಪರದೆಯ ಮುಂದೆ ನಿಂತು ನಾಟಕವಾಡದ ಊರು ಆ ಸುತ್ತಮುತ್ತ ಇರಲಿಲ್ಲ. ಸವದತ್ತಿ, ರಾಮದುರ್ಗ, ಬೈಲಹೊಂಗಲ, ಎಲ್ಲಿ ಹವ್ಯಾಸಿಗಳು ಮುಖಕ್ಕೆ ಬಣ್ಣ ಬಳಿದುಕೊಂಡರೂ ಅವರ ಬೆನ್ನ ಹಿಂದೆ ಉಳವಪ್ಪನ ಅರಮನೆಯೋ, ಅಡವಿಯೋ, ಇಲ್ಲವೆ ಎರಡೂ ಬದಿಗೆ ಮಹಡಿ ಮನೆಗಳಿರುವ ಉದ್ದನೆಯ ರಸ್ತೆಯೋ ತೂಗುತ್ತಿತ್ತು. ಇಷ್ಟು ಹೆಸರು ಮಾಡಿದ ಮನುಷ್ಯನ ಮಗಳು ಅನ್ನಪೂರ್ಣಾ, ಕಿತ್ತೂರಿನ ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ‘ಒಕ್ಕಲುತನ’ ಎಂದು ಬರೆದಿದ್ದಳು. ಪೂರಾ ಸುಳ್ಳೇನಲ್ಲ, ಎರಡು ಎಕರೆ ಹೊಲವಿತ್ತು. ಆದರೆ ಉಳವಪ್ಪ ಆ ಹೊಲದಲ್ಲಿ ಬೆವರು ಸುರಿಸಿದ್ದನ್ನು ಅವನ ಎತ್ತುಗಳೂ ಕಂಡಿರಲಿಲ್ಲ.

ಅದು ತೊಂಬತ್ತೇಳನೆಯ ಇಸವಿ. ಬಿ.ಎ. ಕೊನೆಯ ವರ್ಷದಲ್ಲಿ ಶ್ರೀಶೈಲ ಸರ್ ಯುರೋಪಿನ ನವೋದಯ ಕಾಲದಿಂದ ಈಚಿನ ಸಾಹಿತ್ಯ, ಚಿತ್ರಕಲೆ, ಸಂಗೀತ ಪಾಠ ಮಾಡುತ್ತಿದ್ದರು. ಪಾಪ, ಅವರದು ದೊಡ್ಡ ಉತ್ಸಾಹ, ಸಣ್ಣ ಟೇಪ್ ರೆಕಾರ್ಡರು. ಒಂದು ದಿನ ಚರ್ಚಿನ ನಾಲ್ಕು ದನಿಗಳ ಹಾಡು ಕೇಳಿಸಿದಾಗ ಹಿಂದಿನ ಬೆಂಚಿನಿಂದ ಯಾರೋ, “ಸರ್, ಎಲ್ಲಾರೂ ಒಮ್ಮೇ ಮಾತಾಡಾಕ ಹತ್ತ್ಯಾರಲ್ರಿ, ಯಾರ್ದ್ ಕೇಳೂದ್ರಿ?” ಎಂದು ಇಡೀ ಕ್ಲಾಸನ್ನು ನಗಿಸಿದ್ದರು. ಅನ್ನಪೂರ್ಣಾ ಮಾತ್ರ ನಗಲಿಲ್ಲ. ಅವಳಿಗೆ ಆ ಪಾಠದ ಹುಚ್ಚು ಹಿಡಿದಿತ್ತು. ಚಿತ್ರದಲ್ಲಿ ದೂರವನ್ನು ತೋರಿಸುವ ಲೆಕ್ಕಾಚಾರದ ಬಗ್ಗೆ ಸೆಮಿನಾರು ಕೊಡುತ್ತೇನೆಂದು ತಾನೇ ಹೆಸರು ಕೊಟ್ಟಳು. ಸರ್ ಕೊಟ್ಟ ದಪ್ಪ ಪುಸ್ತಕದ ಚಿತ್ರಗಳನ್ನು ಬೈಲಹೊಂಗಲದಲ್ಲಿ ಝೆರಾಕ್ಸ್ ಮಾಡಿಸಿ, ಅವುಗಳ ಮೇಲೆ ಸ್ಕೇಲಿಟ್ಟು ಗೆರೆ ಎಳೆದಳು. ನೆಲದ ಹಾಸುಗಲ್ಲು, ಗೋಡೆ, ಮಾಳಿಗೆ, ಎಲ್ಲದರ ಗೆರೆಗಳೂ ಹೋಗಿ ಒಂದೇ ಚುಕ್ಕೆಯಲ್ಲಿ ಕೂಡುತ್ತಿದ್ದವು. ಆ ಚುಕ್ಕೆ ಇರುತ್ತಿದ್ದದ್ದು ಚಿತ್ರದಲ್ಲಿ ನಿಂತವರ ಕಣ್ಣಿನ ಮಟ್ಟಕ್ಕೆ.

ಅದೇ ಹೊತ್ತಿಗೆ ರಾಮದುರ್ಗದ ನಾಟ್ಯ ಸಂಘದ ಕಾರ್ಯದರ್ಶಿ ಮಲಕಾಜಪ್ಪ ಹೊಸ ರಸ್ತೆ ಪರದೆ ಬೇಕೆಂದು ಹೇಳಿಕಳಿಸಿದ್ದ. ಉಳವಪ್ಪ ಸೊಸೈಟಿ ಗೋದಾಮಿನ ಗೋಡೆಗೆ ಬಟ್ಟೆ ಬಿಗಿದು, ಕೆಳಭಾಗದ ನಡುವೆ ಒಂದು ಮೊಳೆ ಬಡಿದು, ಅದಕ್ಕೆ ಕೆಮ್ಮಣ್ಣು ಹಚ್ಚಿದ ದಾರ ಕಟ್ಟಿದ್ದ. ದಾರವನ್ನು ಎಳೆದು ಹಿಡಿದು ಚಿಮ್ಮಿಸಿದರೆ ಬಟ್ಟೆಯ ಮೇಲೆ ನೇರ ಗೆರೆ ಮೂಡುತ್ತಿತ್ತು. ಮೊಳೆಯಿಂದ ಹೊರಟ ಅಂಥ ಗೆರೆಗಳ ಮೇಲೆಯೇ ಅವನ ಮಹಡಿ ಮನೆಗಳೆಲ್ಲ ಏಳುತ್ತಿದ್ದವು. ಹುಟ್ಟಿದಾಗಿನಿಂದ ಅದನ್ನು ನೋಡಿದ್ದ ಅನ್ನಪೂರ್ಣಾ ಆ ದಿನ ಮೊದಲ ಸಲ ನೋಡಿದಂತೆ ನಿಂತುಬಿಟ್ಟಳು. ಪುಸ್ತಕದ ಚುಕ್ಕೆ ಅಪ್ಪನ ಮೊಳೆಯೇ! ಅಲ್ಲಿಗೇ ಖುಷಿಪಟ್ಟು ಸುಮ್ಮನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಹೊಸದಾಗಿ ಕಲಿತವರಿಗೆ ಸುಮ್ಮನಿರುವುದು ಸಾಧ್ಯವೇ?

“ಯಪ್ಪಾ, ಇದು ತಪ್ಪೈತಿ. ಮೊಳಿ ಮೊಣಕಾಲ ಮಟ್ಟಕ್ಕ ಬಡದಿ. ನಿಂತ ಮನಷ್ಯಾನ ಕಣ್ಣಿನ ಮಟ್ಟಕ್ಕ ಇರಬೇಕು. ನೋಡಿಲ್ಲೆ” ಎಂದು ಝೆರಾಕ್ಸ್ ಹಾಳೆ ಹಿಡಿದಳು.

ಉಳವಪ್ಪ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. “ನಮ್ಮ ಗುರುಗಳು ಹಿಂಗ ಬಡೀತಿದ್ರವಾ. ಯಾಕಂತ ನಾ ಕೇಳ್ಲಿಲ್ಲ.”

“ಅವರೇನ್ ಓದಿದ್ರಾ?”

ಆ ಮಾತು ಬಾಯಿಂದ ಜಾರಿತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟಿದ್ದ ಉಳವಪ್ಪ ಮೊಳೆ ಕಿತ್ತು ಮಗಳ ಕೈಗೆ ಕೊಟ್ಟು, “ಎಲ್ಲಿ ಅಂತ ತೋರಸು” ಎಂದ. ಅವಳು ತನ್ನ ಕಣ್ಣಿನ ಮಟ್ಟಕ್ಕೆ ಬಡಿದಳು. ಹತ್ತು ದಿನ ಅವನು ಅವಳ ಗೆರೆಯ ಮೇಲೆ ಬಣ್ಣ ತುಂಬಿದ. ಕೆಲಸ ಮಾಡುವಾಗ ಸದಾ ನಾಟಕದ ಪದ ಗುನುಗುತ್ತಿದ್ದವನು ಆ ಹತ್ತು ದಿನ ಗುನುಗಲಿಲ್ಲ. ಅನ್ನಪೂರ್ಣಾ ಅದನ್ನು ಗಮನಿಸಲಿಲ್ಲ, ಅವಳ ಕಿವಿ ಯುರೋಪಿನಲ್ಲಿತ್ತು.

ಉಳವಪ್ಪನದೊಂದು ಪದ್ಧತಿ ಇತ್ತು. ಪರದೆ ರಂಗದ ಮೇಲೆ ಏರಿದ ಮೇಲೆ ಅವನ ತಾಯಿ ಸತ್ಯವ್ವ ಮುಂದೆ ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತು ನೋಡಬೇಕು. ಅವಳು ‘ಹೂಂ’ ಅಂದರೇನೇ ಅವನು ಕೆಳಗಿನ ಮೂಲೆಯಲ್ಲಿ ‘ಉಳವಪ್ಪ ಪೇಂಟರ್, ಸಂಗೊಳ್ಳಿ’ ಎಂದು ಬರೆಯುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಪರದೆಯೂ ಈ ಹೆಸರಿಲ್ಲದೆ ಉಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ರಾಮದುರ್ಗದಲ್ಲಿ, ಸಂಘದ ಅಂಗಳದಲ್ಲಿ ಕಟ್ಟಿದ್ದ ನಾಲ್ಕಡಿ ಎತ್ತರದ ರಂಗದ ಮೇಲೆ ಪರದೆ ಏರಿತು. ಸತ್ಯವ್ವ ಗೋಣಿತಟ್ಟಿನ ಮೇಲೆ ಕೂತಳು. ತಾಲೀಮು ನೋಡಲು ಬಂದಿದ್ದ ಓಣಿಯ ಹೆಂಗಸರೂ ಅವಳ ಸುತ್ತ ಕೂತರು. ಅನ್ನಪೂರ್ಣಾ ಹಿಂದೆ ಸಂಘದ ಎತ್ತರದ ಕಟ್ಟೆಯ ಮೇಲೆ ನಿಂತು ನೋಡಿದಳು. ಏನು ಚೆಂದ! ಥೇಟ್ ಪುಸ್ತಕದ ಚಿತ್ರ. ನಾಟಕದ ನಾಯಕ, ದರ್ಜಿ ಬಸಯ್ಯ, ಪರದೆಯ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

ನೆಲದ ಮೇಲಿದ್ದ ಹೆಂಗಸರು ಘೊಳ್ಳೆಂದು ನಕ್ಕರು. “ಬಸಯ್ಯಾ, ಜ್ವಾಕಿ! ಜಾರಿ ಬಿದ್ದೀಯೋ!” ಎಂದಳು ಒಬ್ಬಳು.

ಮಲಕಾಜಪ್ಪ ತಲೆ ಕೆರೆದುಕೊಂಡ. “ಉಳವಪ್ಪಾರ, ಇದೇನ್ರಿ? ರಸ್ತಾ ಬರೀರಿ ಅಂದ್ರ ಗುಡ್ಡಾ ಬರದೀರಲ್ರಿ.”

“ಸರಿ ಐತ್ರಿ!” ಅನ್ನಪೂರ್ಣಾ ಕಟ್ಟೆಯ ಮೇಲಿಂದಲೇ ಕೂಗಿದಳು. “ಪುಸ್ತಕದಾಗ ಹಿಂಗ ಐತ್ರಿ!”

ಉಳವಪ್ಪ ಅವಳ ಕಡೆ ನೋಡಲಿಲ್ಲ. ತಾಯಿಯ ಮುಖ ನೋಡಿದ. ಸತ್ಯವ್ವ ‘ಹೂಂ’ ಅನ್ನಲಿಲ್ಲ. ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಬಣ್ಣದ ಕೈ ಒರೆಸಿಕೊಂಡ. “ತಪ್ಪು ನಂದ್ರಿ, ಸಾವಕಾರ್ರ. ಕಣ್ಣು ಮೊದಲಿನಂಗ ಇಲ್ಲ. ಇನ್ನ ಮ್ಯಾಲ ಬ್ಯಾರೇದವರ ಕಡೆ ಬರಸ್ರಿ. ನಂದು ಸಾಕಾತು” ಎಂದು ಕುಂಚಗಳನ್ನು ಚೀಲಕ್ಕೆ ಹಾಕತೊಡಗಿದ.

ಅನ್ನಪೂರ್ಣಾ ಕಟ್ಟೆಯಿಂದ ಇಳಿದಳು. ಅಪ್ಪನ ಕಣ್ಣಿಗೆ ಏನೂ ಆಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಅವಳ ಮರ್ಯಾದೆ ಕಾಯುತ್ತಿದ್ದ, ಅದಕ್ಕೆ ತನ್ನ ಮೂವತ್ತು ವರ್ಷದ ಕಸುಬನ್ನೇ ಬಿಡಲು ನಿಂತಿದ್ದ.

“ಇಲ್ಲೆ ಬಂದ್ ಕೂಡ ಬಾ ಬೇ” ಎಂದು ಸತ್ಯವ್ವ ಕರೆದಳು.

“ಆಯಿ, ನಾ...”

“ಮೊದಲ ಕೂಡು. ಆಮ್ಯಾಲ ಮಾತಾಡು.”

ಕಾಲೇಜು ಸೇರಿದ ಮೇಲೆ ಅನ್ನಪೂರ್ಣಾ ನಾಟಕಗಳಲ್ಲಿ ನೆಲದ ಮೇಲೆ ಕೂತಿರಲಿಲ್ಲ. ಅಜ್ಜಿಯ ಪಕ್ಕ ಗೋಣಿತಟ್ಟಿನ ಅಂಚಿನಲ್ಲಿ ಕೂತು ತಲೆಯೆತ್ತಿದಳು. ರಸ್ತೆ ನೆಟ್ಟಗೆ ಮೇಲಕ್ಕೆದ್ದು ನಿಂತಿತ್ತು. ಬಸಯ್ಯ ಇಳಿಜಾರು ಮಾಳಿಗೆಯ ಮೇಲೆ ಕಾಲಿಟ್ಟವನಂತೆ ಕಾಣುತ್ತಿದ್ದ. ಮನೆಗಳು ಅವನ ಬೆನ್ನ ಮೇಲೆ ಮಗುಚುವಂತಿದ್ದವು. ಆಗ ಅವಳಿಗೆ ತಾನೇ ನೋಟ್ಸಿನಲ್ಲಿ ಅಂದವಾಗಿ ಬರೆದುಕೊಂಡಿದ್ದ ಸಾಲು ನೆನಪಾಯಿತು. ಆ ಕಾಲದ ಯುರೋಪಿನ ಅರಮನೆಯ ರಂಗಮಂದಿರಗಳಲ್ಲಿ ಪರದೆಯ ಬೀದಿ ಸರಿಯಾಗಿ ಕಾಣುತ್ತಿದ್ದದ್ದು ದೊರೆಯ ಕುರ್ಚಿಯಿಂದ ಮಾತ್ರ. ಬರೆದುಕೊಂಡಿದ್ದಳು, ಓದಿದ್ದಳು, ಬಾಯಿಪಾಠವನ್ನೂ ಮಾಡಿದ್ದಳು. ಇಲ್ಲಿ ಕುರ್ಚಿಯಾದರೂ ಎಲ್ಲಿತ್ತು? ಅಪ್ಪನ ಗುರುವಿನ ಮೊಳೆ ಕೆಳಗಿದ್ದದ್ದು ನೋಡುವವರು ಕೆಳಗಿದ್ದಾರೆಂದು. ತಿಳಿದದ್ದೇ ಅವಳಿಗೆ ಅಳು ಬಂತು, ನಾಚಿಕೆಯೂ ಆಯಿತು.

ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. “ಮಲಕಾಜಪ್ಪನವರ, ನಮ್ಮಪ್ಪನ ಕಣ್ಣು ಚೊಲೋ ಅದಾವ್ರಿ. ಅವ ಮೊಳಿ ಸರೀ ಜಾಗಾಕ ಬಡದಿದ್ದ. ನಾನ ಕೀಳಿಸಿ ಮ್ಯಾಲ ಬಡದೇನಿ. ತಪ್ಪು ನಂದ್ರಿ.”

ಉಳವಪ್ಪ ಚೀಲದ ಬಾಯಿ ಕಟ್ಟುತ್ತಲೇ ಇದ್ದ. ಅವಳು ಹೋಗಿ ಆ ಚೀಲದೊಳಗೆ ಕೈಹಾಕಿ ಮೊಳೆ, ಸುತ್ತಿಗೆ ತೆಗೆದುಕೊಂಡಳು. ರಂಗ ಹತ್ತಿ, ಪರದೆಯ ಹಿಂದೆ ಹಲಗೆ ಹಿಡಿಯಲು ಬಸಯ್ಯನಿಗೆ ಹೇಳಿ, ಮೊಳೆಯನ್ನು ಸೊಂಟದ ಮಟ್ಟಕ್ಕೆ ಹಿಡಿದು ತಿರುಗಿದಳು.

“ಆಯಿ, ಇಲ್ಲೆ?”

“ತೆಳಗ” ಎಂದಳು ಸತ್ಯವ್ವ.

“ಇಲ್ಲೆ?”

“ಇನ್ನೀಟು ತೆಳಗ.”

ಮೊಣಕಾಲಿಗೆ ಬಂದಾಗ ಅಜ್ಜಿ ಸುಮ್ಮನಾದಳು. ಅನ್ನಪೂರ್ಣಾ ಮೊಳೆ ಬಡಿದು ದಾರ ಕಟ್ಟಿದಳು. ದಾರದ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಿತ್ತು. ಅವಳು ಯಾರನ್ನೂ ಕರೆಯಲಿಲ್ಲ, ದಾರ ಹಿಡಿದು ಕಾದಳು. ಎಷ್ಟು ಹೊತ್ತು ಕಾದಳೋ, ಕೊನೆಗೆ ಉಳವಪ್ಪ ಎದ್ದು ಬಂದು ತುದಿ ಹಿಡಿದ. “ಬಿಗಿ ಹಿಡಿ” ಎಂದ, ಅಷ್ಟೇ.

ಹಳೆಯ ರಸ್ತೆಯ ಮೇಲೆ ಸುಣ್ಣ ಬಳಿದು, ಮತ್ತೆ ಗೆರೆ ಚಿಮ್ಮಿಸಿ ಹೊಸದು ಬರೆಯಲು ನಾಲ್ಕು ದಿನ ಹಿಡಿಯಿತು. ಎರಡನೆಯ ದಿನ ಮಧ್ಯಾಹ್ನ ಉಳವಪ್ಪ ಗುನುಗತೊಡಗಿದ. ಈ ಸಲ ಅನ್ನಪೂರ್ಣಾ ಕೇಳಿಸಿಕೊಂಡಳು. ನಾಲ್ಕನೆಯ ದಿನ ಸತ್ಯವ್ವ ‘ಹೂಂ’ ಅಂದಳು.

ಮುಂದಿನ ವಾರ ಸೆಮಿನಾರು. ಅನ್ನಪೂರ್ಣಾ ಮೊಳೆ, ದಾರ ತಂದಿದ್ದಳು. ಕರಿಹಲಗೆಯ ಮೇಲೆ ಎತ್ತರದಲ್ಲೊಂದು, ಕೆಳಗೊಂದು ರಸ್ತೆ ಬರೆದು, ಮುಂದಿನ ಬೆಂಚಿನವರನ್ನು ನೆಲಕ್ಕೆ ಕೂರಿಸಿ ತೋರಿಸಿದಳು. ಹಾಡಿಗೆ ನಕ್ಕಿದ್ದವರೂ ಕತ್ತು ಚಾಚಿ ನೋಡಿದರು. ಮುಗಿದ ಮೇಲೆ ಶ್ರೀಶೈಲ ಸರ್ ಅವಳ ಪ್ರಬಂಧದ ಕೊನೆಯ ಹಾಳೆ ತಿರುವಿದರು. ಆಧಾರಗಳು ಎಂದು ಬರೆದ ಕೆಳಗೆ ಎರಡು ಇಂಗ್ಲಿಷ್ ಪುಸ್ತಕಗಳ ಹೆಸರಿತ್ತು. ಮೂರನೆಯದರ ಮೇಲೆ ಅವರ ಬೆರಳು ನಿಂತಿತು.

“ಉಳವಪ್ಪ ಪೇಂಟರ್, ಸಂಗೊಳ್ಳಿ. ಇದ್ಯಾವ ಪುಸ್ತಕವಾ?”

“ಪುಸ್ತಕ ಅಲ್ರಿ ಸರ್, ನಮ್ಮಪ್ಪರಿ. ನಾಟಕದ ಪರದಿ ಬರೀತಾರ್ರಿ.” ಅನ್ನಪೂರ್ಣಾ ದಾರವನ್ನು ಬೆರಳಿಗೆ ಸುತ್ತಿಕೊಂಡಳು. “ಸರ್, ನನ್ನ ಅರ್ಜಿಯೊಳಗ ಅವರ ಉದ್ಯೋಗ ತಪ್ಪು ಬರದೇನ್ರಿ. ಈಗ ತಿದ್ದಾಕ ಬರತೈತೇನ್ರಿ?”