ಕತ್ತರಿಸದ ಮೂಲೆ

ಕಚಕ್ ಎಂದಿತು ಪಕ್ಕದ ಪೋಸ್ಟರಿನ ಹುಡುಗಿಯ ಕತ್ತರಿ, ತೀರ್ಪುಗಾರರು ಬರುವ ಮುಂಚೆ ತನ್ನ ಸಂಶೋಧನೆಯ ಪೋಸ್ಟರ್ ಅಂಟಿಸಲು ಟೇಪು ಕತ್ತರಿಸುತ್ತಿದ್ದಾಳೆ, ಅಷ್ಟೇ, ಆದರೆ ನನ್ನ ಎದೆ ಯಾಕೆ ಧಸಕ್ಕೆಂದಿತು — ಮೂಲೆ, ಹಾಳೆಯ ಮೂಲೆ, ಆ ದಿನ ನಾನು ಮೂಲೆ ಕತ್ತರಿಸಿದ್ದೆನೆ? ಕತ್ತರಿಸಿರಬೇಕು, ಅದನ್ನು ಯಾರು ತಾನೇ ಮರೆಯುತ್ತಾರೆ, ಪ್ರಯೋಗಾಲಯಕ್ಕೆ ಕಾಲಿಟ್ಟ ಮೊದಲ ದಿನವೇ ಡೆಸ್ಮಂಡ್ ಹೇಳಿದ್ದ, ಪಿಎಚ್‌ಡಿ ಮಾಡುತ್ತಿರುವವನು, ನನಗೆ ಕೈಹಿಡಿದು ಕೆಲಸ ಕಲಿಸಿದವನು, ನೋಡು ಬ್ರಿಟಾ, ಪ್ರೋಟೀನ್ ಇಳಿಸಿಕೊಂಡ ಹಾಳೆ ಎರಡೂ ಕಡೆ ಒಂದೇ ಥರ ಬಿಳಿ, ಮಗುಚಿಬಿದ್ರೆ ಎಡ ಬಲ ಆಗೋಗುತ್ತೆ, ಅದಕ್ಕೇ ಒಂದು ಮೂಲೆ ಕತ್ತರಿಸ್ಬಿಡ್ಬೇಕು, ಊಟ ಮರೆತ್ರೂ ಇದನ್ನ ಮರೀಬೇಡ. ಮರೆತಿರಲಾರೆ, ಆ ಹಾಳೆಯ ಚಿತ್ರ ನನ್ನ ಪೋಸ್ಟರಿನಲ್ಲಿ ಕಣ್ಣೆದುರೇ ಇದೆಯಲ್ಲ, ಎಡಕ್ಕೆ ಆರೋಗ್ಯವಂತ ಕೋಶಗಳ ಮೂರು ಮಸುಕು ಗೆರೆ, ಬಲಕ್ಕೆ ಕರುಳಿನ ಕ್ಯಾನ್ಸರ್ ಕೋಶಗಳ ಮೂರು ಕಪ್ಪು ಗೆರೆ, ಗಡ್ಡೆಯಲ್ಲಿ ಈ ಪ್ರೋಟೀನ್ ಹೆಚ್ಚು ಎಂದು ಶೀರ್ಷಿಕೆ, ಕೆಳಗೆ ನನ್ನ ಹೆಸರು, ಬ್ರಿಟಾ ಸೊಲ್ಬರ್ಗ್, ಪದವಿ ತರಗತಿಯ ಮೂರನೇ ವರ್ಷ, ಮತ್ತು ಮೂಲೆಗಳು — ನಾಲ್ಕೂ ನೆಟ್ಟಗಿವೆ, ಒಂದಕ್ಕೂ ಕತ್ತರಿ ತಾಗಿಲ್ಲ, ಅಯ್ಯೋ.

ತಡಿ, ಅಳತೆಪಟ್ಟಿ, ಪ್ರೋಟೀನಿನ ಗಾತ್ರ ಹೋಲಿಸಲು ಪಕ್ಕದಲ್ಲಿ ಹಾಕುವ ಗೆರೆಗಳ ಸಾಲು, ಅದನ್ನು ನೋಡಿದರೆ ದಿಕ್ಕು ತಿಳಿಯುತ್ತದೆ, ಎಲ್ಲರೂ ಅದನ್ನು ಒಂದೇ ತುದಿಗೆ ಹಾಕುತ್ತಾರೆ, ನಾನು ಮಹಾ ಜಾಣೆ, ಚೆಂದ ಕಾಣಲೆಂದು ಎರಡೂ ತುದಿಗೆ ಹಾಕಿದ್ದೆ, ಅದರಿಂದಲೂ ಎಡ ಬಲ ತಿಳಿಯದು. ಅದಕ್ಕೂ ಮುಂಚಿನ ಎರಡು ಹಾಳೆಗಳಲ್ಲಿ? ಅವುಗಳಲ್ಲಿ ಎಲ್ಲ ತಿರುವುಮುರುವಾಗಿ ಬಂದಿತ್ತು, ಗಡ್ಡೆಯ ಕಡೆಯ ಗೆರೆಗಳೇ ಮಸುಕು, ನನ್ನ ಕೈಯೇ ಸರಿಯಿಲ್ಲವೆಂದು ಬಿಸಾಡಿದೆ, ಅವೆರಡರ ಮೂಲೆ ಕತ್ತರಿಸಿದ್ದು ಚೆನ್ನಾಗಿ ನೆನಪಿದೆ, ಅಂದರೆ ಅವೇ ಸರಿ, ಮಗುಚಿದ್ದು ಇದು. ಹಾಗಾದರೆ ಈ ಪ್ರೋಟೀನ್ ಗಡ್ಡೆಯನ್ನು ಬೆಳೆಸುವುದಲ್ಲ, ತಡೆಯುವುದೇ ಇರಬಹುದು, ಸೋಮವಾರ ಡೆಸ್ಮಂಡ್ ಅದನ್ನೇ ಅಡಗಿಸುವ ಮದ್ದನ್ನು ಅರವತ್ತು ಇಲಿಗಳಿಗೆ ಚುಚ್ಚುತ್ತಾನೆ, ಅವನಿಗಿದು ಕೊನೆಯ ವರ್ಷ, ನಿನ್ನೆ ತಾನೇ ಕಾಫಿ ಕೊಡಿಸಿದ, ನಿನ್ನ ಈ ಒಂದು ಚಿತ್ರದ ಮೇಲೇ ನನ್ನ ಪಿಎಚ್‌ಡಿ ಪೂರ್ತಿ ನಿಂತಿದೆ ಕಣೆ ಅಂದ. ಸುಮ್ಮನಿದ್ದರೆ? ಗುಟ್ಟಾಗಿ ಮತ್ತೊಮ್ಮೆ ಮಾಡಿ ನೋಡಿದರೆ? ಕೋಶ ಬೆಳೆಸುವುದಕ್ಕೇ ವಾರ ಬೇಕು, ಇವತ್ತು ಶುಕ್ರವಾರ, ಹೆದರಿಕೆಯಾಗುತ್ತಿದೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆ, ಮೊದಲು ಹೊಳೆದದ್ದು ಮುಚ್ಚಿಡುವ ದಾರಿಯೇ ಅಲ್ಲವೆ, ಥೂ.

ಬಂದೇಬಿಟ್ಟರು, ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಹಾರ್ಗ್ರೇವ್, ಹಿಂದೆ ಇಬ್ಬರು ತೀರ್ಪುಗಾರರು, ಪಕ್ಕದಲ್ಲಿ ಹಲ್ಲು ಕಿರಿಯುತ್ತ ಡೆಸ್ಮಂಡ್. ಇವ್ಳೇ ನಮ್ಮ ಬ್ರಿಟಾ, ಹೇಳಮ್ಮ, ಹೆದರ್ಬೇಡ, ಆ ಚಿತ್ರದಿಂದ್ಲೇ ಶುರು ಮಾಡು, ಅಂದರು ಡಾಕ್ಟರ್. ಕಿಟಕಿಯಾಚೆ ಸುಪೀರಿಯರ್ ಸರೋವರದ ಮಂಜುಗಡ್ಡೆ ಏಪ್ರಿಲ್ ಬಂದರೂ ಕರಗಿಲ್ಲ, ಯಾಕೆ ಅತ್ತ ನೋಡುತ್ತಿದ್ದೇನೆ, ಡೆಸ್ಮಂಡ್, ಈ ಹಾಳೆ ಮಗುಚಿರ್ಬಹುದು, ನಾನು ಮೂಲೆ ಕತ್ತರಿಸಿಲ್ಲ — ಯಾರ ದನಿ ಇದು, ನನ್ನದೇ, ಎಲ್ಲರಿಗೂ ಕೇಳಿಸಿತು, ಡಾಕ್ಟರ್ ಕನ್ನಡಕ ಏರಿಸಿ ಬಗ್ಗಿದರು, ಡೆಸ್ಮಂಡನ ನಗು ಇನ್ನೂ ಹಾಗೇ ಇದೆ ಮುಖದ ಮೇಲೆ, ಅವನ ಬೆರಳು ಮಾತ್ರ ಚಿತ್ರದ ಅಂಚಿನಗುಂಟ ಸರಿಯುತ್ತಿದೆ, ಒಂದು ಮೂಲೆ, ಎರಡನೆಯದು, ಮೂರನೆಯದು — ನಾಲ್ಕನೆಯದರ ಮೇಲೆ ಬಂದು ನಿಂತಿತು.